ಬಣವೆಗೆ ಬ್ರೇಕು

ವಾರದ ಐದು ದಿನ ನಾನು ಸ್ಟೇಷನ್ನಿನ ಮೈಕಿನ ಹೆಂಗಸು.
ಪೆತ್ರೊಶಾನಿಯ ಗಾಡಿ ಎರಡನೇ ಪ್ಲಾಟ್‌ಫಾರ್ಮಿಗೆ,
ದೇವಾದ ಗಾಡಿ ನಲವತ್ತು ನಿಮಿಷ ತಡ.
ಬರುವುದನ್ನು ಬರುವ ಮೊದಲೇ ಹೇಳಿ
ಸಂಬಳ ಎಣಿಸಿಕೊಳ್ಳುವವಳು.

ಶನಿವಾರ ವಿಯೊರೆಲ್‌ನ ಬಲಕ್ಕೆ ಕೂರುತ್ತೇನೆ.
ಪಟ್ಟಿ ಬಿಗಿದು, ಹೆಲ್ಮೆಟ್ಟಿನೊಳಗೆ ಜಡೆ ತುರುಕಿ,
ತೊಡೆಯ ಮೇಲೆ ಸುರುಳಿ ತಂತಿಯ ನೋಟುಬುಕ್ಕು.
ಇಲ್ಲೂ ಅದೇ ಕೆಲಸ,
ತಡ ಅನ್ನುವ ಮಾತೊಂದು ಇಲ್ಲ.

"ಎಂಬತ್ತು. ಬಲ ನಾಲ್ಕು, ದಿಬ್ಬದ ಮೇಲೆ.
ತಕ್ಷಣ ಎಡ ಮೂರು, ಉದ್ದ, ಬಿಗಿಯುತ್ತೆ.
ಒಳಗೆ ಕಡೀಬೇಡ, ಕಲ್ಲಿದೆ."

ಜನ ಕೇಳುತ್ತಾರೆ, ಕಾರ್ಪಾಥಿಯನ್ ಬೆಟ್ಟ ಎಷ್ಟು ಚೆಂದ ಅಲ್ಲವೆ,
ಹನ್ನೊಂದು ವರ್ಷ ಸುತ್ತಿದ್ದೀಯಲ್ಲ ಸ್ಮರಂದಾ.
ನಾನು ಕಂಡ ಬೆಟ್ಟ ಒಂದು ಅಂಗೈ ಅಗಲ:
ಗೆರೆಕಾಗದ, ಪೆನ್ಸಿಲಿನ ಅಕ್ಷರ,
ಅಲ್ಲಲ್ಲಿ ಫ್ಲಾಸ್ಕಿನ ಕಾಫಿ ಕಲೆ.
ತಲೆ ಎತ್ತಿದರೆ ಸಾಲು ತಪ್ಪುತ್ತದೆ,
ಸಾಲು ತಪ್ಪಿದರೆ ಇಬ್ಬರೂ ಫರ್ ಮರದ ಬುಡದಲ್ಲಿ.
ಉಳಿದದ್ದೆಲ್ಲ ಕುಂಡಿಗೆ ಗೊತ್ತು.
ಎಡಕ್ಕೆ ಒತ್ತಿದರೆ ಬಲ ತಿರುವು,
ಹೊಟ್ಟೆ ತೇಲಿದರೆ ದಿಬ್ಬ ದಾಟಿತು,
ತಳಕ್ಕೆ ಬಡಿಯುವ ಜಲ್ಲಿ ಬಾಯಿ ಮುಚ್ಚಿದರೆ
ಸೇತುವೆ.
ಹೀಗೆ ಹಿಂಬದಿಯಿಂದ ಭೂಗೋಳ ಓದಿದವಳು ನಾನು.

ಬುಧವಾರ ದಾರಿ ನೋಡಲು ಹೋದಾಗ ಮಾತ್ರ ಕಣ್ಣು ನನ್ನದು.
ನಿಧಾನ, ಕಿಟಕಿ ಇಳಿಸಿ, ಒಣಹುಲ್ಲಿನ ವಾಸನೆಯಲ್ಲಿ.
ಹದಿನೇಳನೇ ಪುಟದ ಆ ತಿರುವು
ಇಳಿಜಾರಿನ ಕೊನೆಗೆ ಅಡಗಿ ಕೂತಿತ್ತು.
"ಅಕೋ ಬಣವೆ" ಅಂದ ವಿಯೊರೆಲ್.
ನಡುವೆ ಕಂಬ ನೆಟ್ಟು ಸುತ್ತ ಒಟ್ಟಿದ್ದು,
ಗಡ್ಡ ಬಿಟ್ಟ ಪಾದ್ರಿಯ ಹಾಗೆ ಒಂಟಿ ನಿಂತಿದ್ದು.
"ಅದರ ನೆರಳು ತುಳಿದ ಕೂಡಲೇ ಬ್ರೇಕು. ಬರಕೋ."
ಬರೆದುಕೊಂಡೆ.
ಪ್ರಪಾತಕ್ಕೆಂದು ಕೆಳಗೆ ಎರಡು ಗೆರೆ ಎಳೆದೆ.

ಶನಿವಾರ ಬೆಳಿಗ್ಗೆ, ಹತ್ತು ಗಂಟೆ ಆರು ನಿಮಿಷ.
"ಇನ್ನೂರು. ಬಣವೆಗೆ ಬ್ರೇಕು. ಎಡ ಎರಡು."
ಗೇರು ಇಳಿಯಲಿಲ್ಲ.
ಪಟ್ಟಿ ಎದೆಗೆ ಒತ್ತಲಿಲ್ಲ.
ಮುಂದೆ ಬಾಗಬೇಕಾದ ಮೈ ಹಾಗೇ ಸೀಟಿಗೆ ಒರಗಿತ್ತು,
ಸೋಫಾದಲ್ಲಿ ಕೂತ ಅತ್ತೆಯ ಹಾಗೆ.
ಅವನು ಹುಡುಕುತ್ತಿದ್ದಾನೆ,
ಏನನ್ನೋ ಹುಡುಕುತ್ತಲೇ ಇದ್ದಾನೆ.

"ಈಗ" ಅಂದೆ.

ಪುಸ್ತಕದಲ್ಲಿ ಆ ಪದ ಇರಲಿಲ್ಲ.
ಬರೆಯದೇ ಇದ್ದದ್ದನ್ನು ನಾನು ಎಂದೂ ಓದಿದವಳಲ್ಲ.
ದನಿ ಏರಲೂ ಇಲ್ಲ,
ಎರಡನೇ ಪ್ಲಾಟ್‌ಫಾರ್ಮು ಅನ್ನುವ ಹಾಗೆಯೇ ಅಂದೆ.

ಆಮೇಲೆ ಪಟ್ಟಿ ಎದೆ ಕುಯ್ದಿತು.
ಹಿಂದಿನ ಚಕ್ರವೊಂದು ಏನೂ ಇಲ್ಲದ ಕಡೆ ಒಂದಿಷ್ಟು ತಿರುಗಿ
ಮನಸ್ಸು ಬದಲಿಸಿ ವಾಪಸು ಬಂತು.
ಬೆರಳು ಆಗಲೇ ಮುಂದಿನ ಸಾಲಿನಲ್ಲಿತ್ತು.
"ಅರವತ್ತು. ಬಲ ಐದು."
ಅವನು ಉಸಿರು ಬಿಟ್ಟದ್ದು ಮೂರು ತಿರುವಿನ ನಂತರ,
ನನ್ನ ಕಿವಿಯೊಳಗೇ.

ಹಿಂದಿನ ಬಂಪರು ಬೆಟ್ಟದಲ್ಲೇ ಉಳಿಯಿತು.
ಮಧ್ಯಾಹ್ನ ಗವ್ರಿಲಾ ಎಂಬ ಮುದುಕ
ಅದನ್ನು ಕುದುರೆಗಾಡಿಯಲ್ಲಿ ಹೇರಿಕೊಂಡು ಬಂದ,
ಸರ್ವಿಸ್ ಟೆಂಟುಗಳ ನಡುವೆ, ಟೋಪಿ ಕೈಲಿ ಹಿಡಿದು.
"ನಿಮ್ಮದಾ?"
"ನಮ್ಮದೇ. ಬಣವೆ ನಿಮ್ಮದಾ?"
"ಹೂಂ. ನಿನ್ನೆ ಸಂಜೆ ಕೊಟ್ಟಿಗೆಗೆ ಸಾಗಿಸಿದೆ.
ಮಂಡಿ ಹಿಡಕೊಂಡಿತ್ತು. ಮಂಡಿ ಹಿಡಿದರೆ ಮಳೆ."
ವಿಯೊರೆಲ್ ಆಕಾಶ ನೋಡಿದ. ತೊಳೆದಿಟ್ಟ ನೀಲಿ.
ಬೈಯಲು ಬಾಯಿ ತೆರೆದವನು
ತನ್ನ ಬ್ರೆಡ್ಡಿನಲ್ಲಿ ಅರ್ಧ, ಈರುಳ್ಳಿ ಸಮೇತ
ಮುದುಕನ ಕೈಗಿಟ್ಟ.

"ಆ 'ಈಗ' ಎಲ್ಲಿತ್ತು?" ನನ್ನತ್ತ ನೋಡದೆ ಕೇಳಿದ.
"ಇರಲಿಲ್ಲ."
"ಬರಕೋ ಮತ್ತೆ."
ಬಣವೆಯನ್ನು ರಬ್ಬರಿನಿಂದ ಉಜ್ಜಿದೆ, ಒಂದಿಷ್ಟು ಪುಡಿ ಉದುರಿತು.
ಕಂಬ ಕಿತ್ತಿಲ್ಲ, ಅಲ್ಲೇ ಇದೆ ಅಂದ ಗವ್ರಿಲಾ.
ಬರಿಗಂಬ, ಎಂದು ತುಂಬಿಸಿದೆ.

ನಾಲ್ಕೂ ಹತ್ತು. ಅದೇ ದಾರಿ, ಎರಡನೇ ಸಲ.
ಗಡಿಯಾರದವನು ಬೆರಳು ಮಡಿಸತೊಡಗಿದ.
ಗಾಜಿನ ಮೇಲೆ ಟಪ್ಪೆಂದು ಏನೋ ಬಿತ್ತು.
ಸಾಲಿನಿಂದ ಕಣ್ಣೆತ್ತದೆ
"ವೈಪರು" ಅಂದೆ.